ಬಟ್ಟಲು ಕಂಡರೆ ಮುಖ ತಿರುಗಿಸುವ ಪುಟ್ಟ ನಾಯಿ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಲಕ್ಷಣ ಇಷ್ಟು. ಐದು ಕೆಜಿ ಆಸುಪಾಸಿನ ನಾಯಿ. ಬಟ್ಟಲು ಇಟ್ಟರೆ ಬಂದು ಮೂಸುತ್ತದೆ, ನಿಮ್ಮ ಮುಖ ನೋಡುತ್ತದೆ, ಹೋಗಿ ಸೋಫಾ ಕೆಳಗೆ ಮಲಗುತ್ತದೆ. ಡ್ರೈ ಫುಡ್ ಮೂರು ಕಂಪನಿಯದು ಬದಲಾಯಿಸಿ ಆಯಿತು. ಚಿಕನ್ ಬೇಯಿಸಿ ಹಾಕಿದರೆ ಎರಡು ದಿನ ಆಸೆಯಿಂದ ತಿಂದು ಮೂರನೇ ದಿನ ಅದನ್ನೂ ಬಿಟ್ಟಿತು. ಮನೆಯಲ್ಲಿ ಒಬ್ಬರು ನೆಲದ ಮೇಲೆ ಕೂತು ತುತ್ತು ಮಾಡಿ ತಿನ್ನಿಸಬೇಕು, ಇಲ್ಲದಿದ್ದರೆ ಉಪವಾಸ.

ಮೈಸೂರಿನ ನಮ್ಮ ಮನೆಯ ಚುಕ್ಕಿ ಹೀಗೆ ಎರಡು ಸಲ ಊಟ ಬಿಟ್ಟಳು. ಮೊದಲನೆಯದು ಅವಳಿಗೆ ಮೂರು ವರ್ಷವಾಗಿದ್ದಾಗ, ಎರಡನೆಯದು ಐದು ವರ್ಷಕ್ಕೆ. ನೋಡುವವರ ಕಣ್ಣಿಗೆ ಎರಡೂ ಒಂದೇ: ತುಂಬಿದ ಬಟ್ಟಲು, ತಿರುಗಿದ ಮುಖ. ಒಳಗಿನ ಕಾರಣಕ್ಕೆ ಮಾತ್ರ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಮೊದಲ ಸಲ ಅವಳಿಗೆ ತಿನ್ನಬೇಕಾದ ಅಗತ್ಯ ಇರಲಿಲ್ಲ. ಎರಡನೇ ಸಲ ತಿನ್ನಲು ಆಗುತ್ತಿರಲಿಲ್ಲ. ನಾಯಿ ಊಟ ಬಿಟ್ಟಾಗ ಮೊದಲು ತಿಳಿಯಬೇಕಾದ್ದು ಈ ಎರಡರಲ್ಲಿ ಯಾವುದು ಎಂಬುದನ್ನು. ಆಹಾರ ಬದಲಾಯಿಸುವುದು ಕಟ್ಟಕಡೆಯ ಕೆಲಸ. ನಮ್ಮಲ್ಲಿ ಬಹಳ ಮನೆಗಳಲ್ಲಿ ಅದೇ ಮೊದಲ ಕೆಲಸವಾಗುತ್ತದೆ, ನಾನೂ ಹಾಗೆಯೇ ಮಾಡಿ ಆರು ತಿಂಗಳು ಕಳೆದೆ.

ಮುಂದೆ ಓದುವ ಮೊದಲು

ಕೆಲವು ಲಕ್ಷಣ ಕಂಡರೆ ಈ ಬರಹ ಬದಿಗಿಟ್ಟು ಡಾಕ್ಟರ ಹತ್ತಿರ ಹೊರಡಿ.

ಮೂರು-ನಾಲ್ಕು ತಿಂಗಳೊಳಗಿನ ಪುಟ್ಟ ಜಾತಿಯ ಮರಿ ಊಟ ಬಿಟ್ಟು ಮಂಕಾಗಿದ್ದರೆ, ನಡುಗುತ್ತಿದ್ದರೆ, ನಡೆಯುವಾಗ ತೂರಾಡಿದರೆ ರಕ್ತದಲ್ಲಿ ಸಕ್ಕರೆ ಕುಸಿದಿರಬಹುದು. ಅಷ್ಟು ಚಿಕ್ಕ ಮೈಯಲ್ಲಿ ಕೂಡಿಟ್ಟ ಶಕ್ತಿ ಬಹಳ ಕಡಿಮೆ, ಕೆಲವೇ ಗಂಟೆಯ ಉಪವಾಸವೂ ಅಪಾಯ. ಜೇನುತುಪ್ಪವನ್ನೋ ಗಟ್ಟಿ ಸಕ್ಕರೆ ನೀರನ್ನೋ ಬೆರಳಿಗೆ ಅದ್ದಿಕೊಂಡು ಒಸಡಿಗೆ ಸವರಿ, ಬೆಚ್ಚಗೆ ಸುತ್ತಿಕೊಂಡು ಹೊರಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ. ಮರಿ ವಾಂತಿ ಮಾಡಿಕೊಂಡು ರಕ್ತ ಬೆರೆತ ಭೇದಿಯೂ ಆಗುತ್ತಿದ್ದರೆ ಪಾರ್ವೋ ಎಂಬ ವೈರಸ್ ಕಾಯಿಲೆ ಇರಬಹುದು. ಅದಕ್ಕೆ ಒಂದು ರಾತ್ರಿ ಕಾದು ನೋಡೋಣ ಎನ್ನುವ ಮಾತೇ ಇಲ್ಲ.

ದೊಡ್ಡ ನಾಯಿಯಾದರೆ: ಒಸಡು ಬಿಳಿಚಿಕೊಂಡಿರುವುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿರುವುದು, ಮೂಗಿನಲ್ಲಿ ರಕ್ತ, ಮತ್ತೆ ಮತ್ತೆ ವಾಂತಿ, ಊದಿದ ಹೊಟ್ಟೆ. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮಾತ್ರ ಎತ್ತಿಕೊಂಡು ನಿಲ್ಲುತ್ತಿದ್ದರೆ ಹೊಟ್ಟೆನೋವಿರಬಹುದು. ಹಬ್ಬದ ಮಾರನೇ ದಿನ, ಕರಿದದ್ದೋ ಮಟನ್ನಿನ ಕೊಬ್ಬೋ ತಿಂದ ನಾಯಿ ಹೀಗೆ ನಿಂತರೆ ಮೇದೋಜೀರಕ ಗ್ರಂಥಿ ಊದಿಕೊಂಡಿರುವ ಸಾಧ್ಯತೆಯಿದೆ. ಮಾವಿನ ಕಾಲದಲ್ಲಿ ಕಸದ ಬುಟ್ಟಿಯಲ್ಲಿ ವಾಟೆ ಎಷ್ಟಿತ್ತು, ಈಗ ಎಷ್ಟಿದೆ ನೋಡಿ. ಪುಟ್ಟ ನಾಯಿಯ ಕರುಳಿಗೆ ಒಂದು ವಾಟೆ ಅಡ್ಡ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಮಕ್ಕಳ ಕಾಲುಚೀಲ, ಜೋಳದ ದಿಂಡಿಗೂ ಇದೇ ಮಾತು. ಮರಿಯಾಗದಂತೆ ಆಪರೇಷನ್ ಮಾಡಿಸದ ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಊಟ ಬಿಟ್ಟು ವಿಪರೀತ ನೀರು ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಸೋರುತ್ತಲೇ ಇರಬೇಕೆಂದಿಲ್ಲ, ಸೋರದೆ ಒಳಗೇ ನಿಂತರೆ ಅಪಾಯ ಇನ್ನೂ ಹೆಚ್ಚು.

ಇದ್ಯಾವುದೂ ಇಲ್ಲ, ಆದರೆ 24 ಗಂಟೆಯಿಂದ ಒಂದು ಚೂರೂ ಬಾಯಿಗೆ ಹಾಕಿಲ್ಲ ಎಂದರೂ ಡಾಕ್ಟರಿಗೆ ಫೋನ್ ಮಾಡಿ. ಮನೆಯಲ್ಲಿರುವ ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಎರಡೂ ಈ ಗಾತ್ರದ ನಾಯಿಗೆ ವಿಷವಾಗಬಹುದು.

ಆಗುತ್ತಿಲ್ಲವೋ, ಬೇಕಿಲ್ಲವೋ

ನಾಯಿಗೆ ಪ್ರಾಣವಾದ ತಿನಿಸೊಂದು ಇದ್ದೇ ಇರುತ್ತದೆ. ಚುಕ್ಕಿಗೆ ಅದು ಕಾಫಿ ಹೊತ್ತಿನ ಮಾರಿ ಬಿಸ್ಕತ್ತು. ಅದರ ಒಂದು ಚೂರು ಮೂತಿಯ ಹತ್ತಿರ ಹಿಡಿಯಿರಿ. ಅದನ್ನೂ ಬೇಡ ಎಂದರೆ ಇದು ಹಟ ಅಲ್ಲ, ಮೈಗೆ ಹುಷಾರಿಲ್ಲ ಎಂದೇ ಲೆಕ್ಕ. ಆದರೆ ಈ ಪರೀಕ್ಷೆ ಒಂದೇ ಕಡೆಗೆ ನಂಬಿಕಸ್ತ. ಬಿಸ್ಕತ್ತು ತಿಂದಿತು, ಹಾಗಾಗಿ ಆರೋಗ್ಯವಾಗಿದೆ ಎಂದು ಹೇಳಲು ಬರುವುದಿಲ್ಲ. ಹಲ್ಲುನೋವಿರುವ ನಾಯಿ ಮೆತ್ತಗಿನದನ್ನು ನುಂಗಿ ಡ್ರೈ ಫುಡ್ಡಿನ ಗಟ್ಟಿ ಕಾಳನ್ನು ಬಿಡುತ್ತದೆ. ಓಕರಿಕೆ ಇರುವ ನಾಯಿ ಹಸಿವಿನಿಂದ ಬಟ್ಟಲ ತನಕ ಬಂದು, ವಾಸನೆ ಬಡಿದೊಡನೆ ತುಟಿ ಸವರಿಕೊಂಡು, ಜೊಲ್ಲು ನುಂಗಿಕೊಂಡು ಹಿಂದೆ ಸರಿಯುತ್ತದೆ. ಸುಮ್ಮನೆ ಮೂಸಿ ನಿಮ್ಮ ಕಡೆ ತಿರುಗಿ ‘ಬೇರೆ ಏನಿದೆ?’ ಎಂಬಂತೆ ನಿಲ್ಲುವ ನಾಯಿಯ ಭಂಗಿಯೇ ಬೇರೆ. ಎರಡು ಊಟದ ಹೊತ್ತು ದೂರ ಕೂತು, ಮಾತಾಡಿಸದೆ, ಬರೀ ನೋಡಿ. ವ್ಯತ್ಯಾಸ ತಿಳಿಯುತ್ತದೆ.

ಮೂಗು ಒಣಗಿದೆ, ಬಿಸಿಯಿದೆ ಎಂಬುದನ್ನು ನಂಬಬೇಡಿ. ನಿದ್ದೆಯಿಂದ ಎದ್ದ ಆರೋಗ್ಯವಂತ ನಾಯಿಯ ಮೂಗೂ ಒಣಗಿರುತ್ತದೆ. ನಾಯಿಗೆಂದೇ ಒಂದು ಡಿಜಿಟಲ್ ಥರ್ಮಾಮೀಟರ್ ತೆಗೆದಿಡಿ, ತುದಿಗೆ ವ್ಯಾಸಲೀನ್ ಸವರಿ ಬಾಲದ ಕೆಳಗೆ ಇಟ್ಟು ನೋಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ನಮ್ಮ ಲೆಕ್ಕದಲ್ಲಿ ಅದು ಜ್ವರವಾದರೂ ಅವಕ್ಕೆ ಅಲ್ಲ. 103 ದಾಟಿದರೆ ಯೋಚಿಸಬೇಕು.

ಇನ್ನು ಮೈ. ನಮ್ಮಲ್ಲಿ ಪಾಮೇರಿಯನ್ ಎನಿಸಿಕೊಳ್ಳುವ ಬಹುಪಾಲು ನಾಯಿಗಳು ನಿಜದಲ್ಲಿ ಇಂಡಿಯನ್ ಸ್ಪಿಟ್ಜ್. ದಟ್ಟ ಕೂದಲಿನ ಒಳಗೆ ಅವು ಸಣ್ಣಗಾಗಿವೆಯೋ ದಪ್ಪಗಾಗಿವೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ, ಕೈಗೇ ಗೊತ್ತಾಗಬೇಕು. ಕೂದಲಿನೊಳಗೆ ಬೆರಳಿಳಿಸಿ ಪಕ್ಕೆಲುಬಿನ ಮೇಲೆ ಮೆಲ್ಲಗೆ ಎಳೆಯಿರಿ. ಅಂಗೈ ಕೆಳಮುಖವಾಗಿ ಚಾಚಿ, ಕೈಯ ಹಿಂಭಾಗದ ಮೂಳೆಗಳನ್ನು ಸವರಿದರೆ ಹೇಗೆ ಸಿಗುತ್ತವೋ ಹಾಗೆ ಸಿಕ್ಕರೆ ತೂಕ ಸರಿಯಿದೆ. ಮುಷ್ಟಿ ಕಟ್ಟಿದಾಗಿನ ಗೆಣ್ಣಿನಂತೆ ಚುಚ್ಚಿದರೆ ಬಡಕಲಾಗಿದೆ. ಒತ್ತಿ ಹುಡುಕಬೇಕಾದರೆ ಕೊಬ್ಬು ಕೂತಿದೆ.

ಆ ಮೊದಲ ಸಲ ನನ್ನ ಬೆರಳಿಗೆ ಚುಕ್ಕಿಯ ಪಕ್ಕೆಲುಬು ಹುಡುಕಿದರೂ ಸರಿಯಾಗಿ ಸಿಗಲಿಲ್ಲ. ‘ತಿಂಗಳಿಂದ ಏನೂ ತಿನ್ನುತ್ತಿಲ್ಲ’ ಎಂದು ನಾನು ಎಲ್ಲರಲ್ಲಿ ಹೇಳಿಕೊಳ್ಳುತ್ತಿದ್ದ ನಾಯಿ ಅದು. ನಾನು ತೂಕದ ಯಂತ್ರದ ಮೇಲೆ ಒಬ್ಬಳೇ ನಿಂತು, ಆಮೇಲೆ ಅವಳನ್ನು ಎತ್ತಿಕೊಂಡು ನಿಂತು, ಕಳೆದು ನೋಡಿದೆ. 5.8 ಕೆಜಿ. ವರ್ಷದ ಹಿಂದೆ ಲಸಿಕೆ ಹಾಕಿಸಿದಾಗ ಚೀಟಿಯಲ್ಲಿ ಬರೆದದ್ದು 5.1. ಊಟ ಬಿಟ್ಟ ನಾಯಿಯ ತೂಕ ಏರಿದೆ ಎಂದರೆ ಊಟ ಎಲ್ಲಿಂದಲೋ ಬರುತ್ತಿದೆ.

ಒಂದು ದಿನದ ಲೆಕ್ಕ

ಫ್ರಿಜ್ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಯಾರೂ ಕೊಡುವುದನ್ನು ನಿಲ್ಲಿಸಬೇಕಿಲ್ಲ, ಕೊಟ್ಟದ್ದನ್ನು ಬರೆದರೆ ಸಾಕು ಎಂದೆ. ಇದು ಮುಖ್ಯ. ಕೊಡಬೇಡಿ ಎಂದರೆ ಕದ್ದು ಕೊಡುತ್ತಾರೆ, ಲೆಕ್ಕ ತಪ್ಪುತ್ತದೆ.

ಸಂಜೆಗೆ ಪುಟ ಹೀಗಿತ್ತು. ಬೆಳಗಿನ ಕಾಫಿಯ ಜೊತೆ ಮಾವನವರಿಂದ ಎರಡು ಮಾರಿ ಬಿಸ್ಕತ್ತು. ತಿಂಡಿ ಹೊತ್ತಿಗೆ ಮಗನ ತಟ್ಟೆಯಿಂದ ಅರ್ಧ ಚಪಾತಿ. ಮಧ್ಯಾಹ್ನ ಅತ್ತೆಯಿಂದ ಒಂದು ಸೌಟು ಮೊಸರನ್ನ. ನಾಲ್ಕು ಗಂಟೆಗೆ ಕಾಂಪೌಂಡಿನಾಚೆಯ ಅಜ್ಜಿಯಿಂದ ಒಂದು ಸ್ಲೈಸ್ ಬ್ರೆಡ್ಡು. ಮಗ ಟ್ಯೂಷನ್ನಿನಿಂದ ಬಂದ ಮೇಲೆ ಅರ್ಧ ಸ್ಲೈಸ್ ಚೀಸ್.

ಒಬ್ಬೊಬ್ಬರದೂ ಒಂದು ತುಣುಕು. ಕೂಡಿಸಿದಾಗ ಕಥೆಯೇ ಬೇರೆ. ಮಾರಿ ಬಿಸ್ಕತ್ತು ಒಂದಕ್ಕೆ ಸುಮಾರು 25 ಕ್ಯಾಲರಿ, ಎರಡಕ್ಕೆ 50. ಅರ್ಧ ಚಪಾತಿಗೆ 60. ಮೊಸರನ್ನದ ಸೌಟಿಗೆ 110ರ ಹತ್ತಿರ. ಬ್ರೆಡ್ಡಿಗೆ 70, ಚೀಸಿಗೆ 30. ಒಟ್ಟು 320.

ಈಗ ಚುಕ್ಕಿಗೆ ಬೇಕಾದದ್ದೆಷ್ಟು? ಪಶುವೈದ್ಯರು ಬಳಸುವ ಸೂತ್ರ ಒಂದಿದೆ: ನಾಯಿಯ ತೂಕದ 0.75 ಘಾತವನ್ನು 70ರಿಂದ ಗುಣಿಸಬೇಕು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ತೂಕವನ್ನು ಮೂರು ಸಲ ಗುಣಿಸಿ (5 × 5 × 5), ಬಂದದ್ದಕ್ಕೆ ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿದರೆ ಅದೇ ಉತ್ತರ. ಕೊಬ್ಬು ಕೂತ 5.8 ಬಿಟ್ಟು ಅವಳಿಗೆ ಇರಬೇಕಾದ ತೂಕ ಹಿಡಿದರೆ, 5 ಕೆಜಿಗೆ ಸುಮಾರು 234 ಕ್ಯಾಲರಿ. ಇದು ಸುಮ್ಮನೆ ಮಲಗಿದ್ದರೂ ಮೈಗೆ ಬೇಕಾದದ್ದು. ಆಪರೇಷನ್ ಆದ, ಮನೆಯೊಳಗೇ ಇರುವ ನಾಯಿಗೆ ಇದರ 1.2ರಿಂದ 1.6 ಪಟ್ಟು, ಅಂದರೆ 280ರಿಂದ 375. ಸಂಜೆ ಏಳಕ್ಕೆ ನಾನು ಬಟ್ಟಲಿಡುವ ಹೊತ್ತಿಗೆ ಚುಕ್ಕಿಯ ದಿನದ ಊಟ ಮುಗಿದಿತ್ತು! ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಎಂಬ ಮಾತು ನಾಯಿಗೂ ಸಲ್ಲುತ್ತದೆ.

ಐವತ್ತು ಅರವತ್ತು ಕೆಜಿ ತೂಗುವ ನಮಗೆ ಒಂದು ಬಿಸ್ಕತ್ತು ಲೆಕ್ಕಕ್ಕೇ ಬಾರದ್ದು. ಅವಳ ದಿನದ ಊಟದಲ್ಲಿ ನಾಲ್ಕು ಬಿಸ್ಕತ್ತು ಎಂದರೆ ಮೂರನೇ ಒಂದು ಪಾಲು. ಪುಟ್ಟ ನಾಯಿ ಸಾಕಿದವರು ನೆನಪಿಡಬೇಕಾದ ಅಳತೆ ಇದು. ಊಟದ ಹೊರಗಿನ ತಿನಿಸೆಲ್ಲ ಸೇರಿ ದಿನದ ಲೆಕ್ಕದಲ್ಲಿ ಹತ್ತರಲ್ಲೊಂದು ಪಾಲು ಮೀರಬಾರದು. ಐದು ಕೆಜಿ ನಾಯಿಗೆ ಅದು ಸುಮಾರು 30 ಕ್ಯಾಲರಿ. ಒಂದು ಬಿಸ್ಕತ್ತು, ಮುಗಿಯಿತು.

ಲೆಕ್ಕ ತೋರಿಸಿದಾಗ ಅತ್ತೆಯ ಮುಖ ಬಾಡಿತು. ‘ನೀನು ಇಟ್ಟಿದ್ದು ತಿಂದಿಲ್ವಲ್ಲ ಪಾಪ ಅಂತ ಒಂದು ತುತ್ತು ಹಾಕ್ದೆ ಕಣಮ್ಮ’ ಎಂದರು. ಅವರ ಮಾತಿನಲ್ಲಿ ತಪ್ಪೇನಿದೆ? ಬೆಳಿಗ್ಗೆ ತಿನ್ನಲಿಲ್ಲ ಎಂದು ಮಧ್ಯಾಹ್ನ ಅನ್ನ, ಮಧ್ಯಾಹ್ನ ಅನ್ನ ತಿಂದದ್ದಕ್ಕೆ ಸಂಜೆ ಬಟ್ಟಲು ಬೇಡ, ಸಂಜೆ ತಿನ್ನಲಿಲ್ಲ ಎಂದು ಮತ್ತೆ ಬಿಸ್ಕತ್ತು. ಈ ಚಕ್ರವನ್ನು ತಿರುಗಿಸುತ್ತಿದ್ದದ್ದು ಪ್ರೀತಿಯೇ.

ಒಂದು ಡಬ್ಬಿ, ಇಪ್ಪತ್ತು ನಿಮಿಷ

ಲೆಕ್ಕದ ದೋಷ ಸಿಕ್ಕಿತು. ಅದರ ಜೊತೆ ಕಲಿತ ಅಭ್ಯಾಸವೂ ಒಂದು ಇರುತ್ತದೆ. ಬಟ್ಟಲು ಬೇಡ ಎಂದು ಮುಖ ತಿರುಗಿಸಿದೊಡನೆ ಚಿಕನ್ ಬರುತ್ತದೆ, ಚಿಕನ್ನಿಗೂ ಮುಖ ತಿರುಗಿಸಿದರೆ ಅಮ್ಮ ನೆಲಕ್ಕೆ ಕೂತು ಕೈಯಿಂದ ತಿನ್ನಿಸುತ್ತಾಳೆ. ಕಾದಷ್ಟೂ ಒಳ್ಳೆಯದು ಬರುತ್ತದೆ ಎಂದು ನಾವೇ ಕಲಿಸಿರುತ್ತೇವೆ. ಇದನ್ನು ನಾಯಿಯ ಸೊಕ್ಕು ಎನ್ನಲು ನನಗೆ ಮನಸ್ಸಿಲ್ಲ. ಅದು ಪಾಠವನ್ನು ಸರಿಯಾಗಿಯೇ ಕಲಿತಿದೆ, ಕಲಿಸಿದ್ದು ನಾವು.

ಈ ಅಭ್ಯಾಸ ಬಿಡಿಸಲು ಮುಂದೆ ಹೇಳುವ ಉಪಾಯ ಒಂದು ವರ್ಷ ದಾಟಿದ, ಮೈಯಲ್ಲಿ ದೋಷವಿಲ್ಲ ಎಂದು ಡಾಕ್ಟರು ನೋಡಿ ಹೇಳಿದ ನಾಯಿಗೆ ಮಾತ್ರ. ಮರಿಗಳಿಗೆ, ಸಕ್ಕರೆ ಕಾಯಿಲೆಯ ನಾಯಿಗೆ, ಮುದಿ ನಾಯಿಗೆ ಬೇಡ.

ಬೆಳಿಗ್ಗೆ ದಿನದ ಊಟವಷ್ಟನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಒಂದು ಮುಚ್ಚಳದ ಡಬ್ಬಿಗೆ ಹಾಕಿ. ಡ್ರೈ ಫುಡ್ ಚೀಲದ ಹಿಂದೆ 100 ಗ್ರಾಂಗೆ ಎಷ್ಟು ಕ್ಯಾಲರಿ ಎಂದು ಬರೆದಿದ್ದರೆ ಅದನ್ನು ನೋಡಿ. ಸಾಮಾನ್ಯವಾಗಿ 350ರಿಂದ 400 ಇರುತ್ತದೆ. ನಮ್ಮದು 360 ಇತ್ತು. 300 ಕ್ಯಾಲರಿಗೆ 83 ಗ್ರಾಂ. ಎರಡು ಮುಷ್ಟಿಯೂ ಆಗದ ಆ ಗುಡ್ಡೆಯನ್ನು ನೋಡಿ ಮಾವನವರು ‘ಇಷ್ಟೇನಾ?’ ಎಂದು ಎರಡು ಸಲ ಕೇಳಿದರು. ನಾವು ಅವಳ ಮುಂದೆ ದಿನಾ ಇಡುತ್ತಿದ್ದದ್ದು ಇದರ ಎರಡರಷ್ಟು. ಅವಳು ಎಷ್ಟು ತಿಂದರೂ ನಮ್ಮ ಕಣ್ಣಿಗೆ ಉಳಿದದ್ದೇ ಕಾಣುತ್ತಿತ್ತು. ಬಹಳ ಮನೆಗಳಲ್ಲಿ ‘ನಾಯಿ ಅರ್ಧವೂ ತಿನ್ನುವುದಿಲ್ಲ’ ಎಂಬ ದೂರು ಇಲ್ಲಿಂದಲೇ ಹುಟ್ಟುತ್ತದೆ.

ಡಬ್ಬಿಯಲ್ಲಿದ್ದದ್ದು ಎರಡು ಊಟಕ್ಕೆ ಹಂಚಿಕೆ. ಯಾರಿಗೆ ಕೊಡಬೇಕು ಎನಿಸಿದರೂ ಡಬ್ಬಿಯಿಂದಲೇ ನಾಲ್ಕು ಕಾಳು ತೆಗೆದು ಕೊಡಬೇಕು. ಇದರಿಂದ ಕೊಡುವ ಸಂತೋಷ ಯಾರಿಗೂ ತಪ್ಪುವುದಿಲ್ಲ, ಲೆಕ್ಕವೂ ಕೆಡುವುದಿಲ್ಲ. ಬಟ್ಟಲು ನಿಗದಿತ ಹೊತ್ತಿಗೆ ಕೆಳಗಿಡಿ. ಕರೆಯಬೇಡಿ, ಪುಸಲಾಯಿಸಬೇಡಿ, ಎದುರಿಗೆ ಕೂತು ದಿಟ್ಟಿಸಬೇಡಿ. ನಿಮ್ಮ ಪಾಡಿಗೆ ಪಾತ್ರೆ ತೊಳೆಯಿರಿ. 20 ನಿಮಿಷ ಬಿಟ್ಟು, ತಿಂದಿರಲಿ ಬಿಟ್ಟಿರಲಿ, ಎತ್ತಿಡಿ. ಮುಂದಿನ ಹೊತ್ತಿನ ತನಕ ನೀರು ಮಾತ್ರ.

ಮೊದಲ ಬೆಳಿಗ್ಗೆ ಚುಕ್ಕಿ ಬಟ್ಟಲು ಮೂಸಿ, ಪಕ್ಕದಲ್ಲಿ ಬಿದ್ದಿದ್ದ ಪೇಪರನ್ನು ಮೂಗಿನಿಂದ ತಳ್ಳಿ ತಳ್ಳಿ ಬಟ್ಟಲ ಮೇಲೆ ಮುಚ್ಚಲು ನೋಡಿದಳು. ಹೊಟ್ಟೆ ತುಂಬಿದ ನಾಯಿ ಉಳಿದದ್ದನ್ನು ಮಣ್ಣಿನಲ್ಲಿ ಹೂಳಿಡುವ ಹಳೆಯ ಗುಣ ಅದು, ನೆಲ ಟೈಲ್ಸ್ ಆದರೂ ಬಿಟ್ಟಿಲ್ಲ. ಎತ್ತಿಟ್ಟೆ. ಮಧ್ಯಾಹ್ನ ಅತ್ತೆಯ ಕುರ್ಚಿಯ ಪಕ್ಕ ಕೂತು, ಮುಂಗಾಲಿನಿಂದ ಸೀರೆ ಸೆರಗು ಎಳೆದಳು. ಅತ್ತೆ ಕಣ್ಣೊರೆಸಿಕೊಂಡು ಎದ್ದು ದೇವರ ಮನೆಗೆ ಹೋದರು. ಸಂಜೆ ಬಟ್ಟಲಿಟ್ಟಾಗ ಹತ್ತು ಹದಿನೈದು ಕಾಳು ತಿಂದಳು. ಏನಾದರೂ ಒಳಗೆ ಹೋಯಿತಲ್ಲ, ಆ ಧೈರ್ಯದಲ್ಲಿ ಮುಂದುವರಿದೆ. ಅದೂ ಹೋಗದಿದ್ದರೆ ಮಾರನೇ ಬೆಳಿಗ್ಗೆ ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯಿಸಿದ್ದೆ. ಎರಡನೇ ದಿನ ಅರ್ಧ, ಮೂರನೇ ಸಂಜೆ ಮುಕ್ಕಾಲು. ಐದನೇ ದಿನ ನಾನು ಡಬ್ಬಿಯ ಮುಚ್ಚಳ ತೆಗೆಯುವ ಸದ್ದಿಗೆ ವರಾಂಡದಿಂದ ಓಡಿ ಬಂದಳು. ಉಗುರು ಟೈಲ್ಸಿಗೆ ತಾಕುವ ಆ ಟಿಕಿಟಿಕಿ ಸದ್ದು ನಾನು ತಿಂಗಳುಗಟ್ಟಲೆ ಕೇಳಿರಲಿಲ್ಲ.

ಬೆಳಗಿನ ಜಾವ ಹಳದಿ ನೊರೆ ವಾಂತಿ ಮಾಡುವ ನಾಯಿಗೆ ಸಂಜೆ ಏಳರಿಂದ ಬೆಳಗಿನ ಎಂಟರ ತನಕದ ಖಾಲಿ ಹೊಟ್ಟೆ ಆಗಿಬರುವುದಿಲ್ಲ. ಪಿತ್ತ ಮೇಲೆ ಬಂದು ಓಕರಿಕೆಯಾಗುತ್ತದೆ, ಓಕರಿಕೆಯಿಂದ ಬೆಳಗಿನ ಊಟ ಬಿಡುತ್ತದೆ. ಅದೇ ಡಬ್ಬಿಯ ಊಟವನ್ನು ಮೂರು ಪಾಲು ಮಾಡಿ, ಒಂದು ಪಾಲನ್ನು ಮಲಗುವ ಮುಂಚೆ ಕೊಟ್ಟು ನೋಡಿ. ಅದಕ್ಕೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಲೆಕ್ಕ ಸರಿಯಿದ್ದೂ ತಿನ್ನದಿದ್ದರೆ

ಆಗ ಬಟ್ಟಲಿನೊಳಗೆ ಮೂಗಿಡಿ. ನಿಜವಾಗಿಯೂ ಮೂಸಿ ನೋಡಿ. ನಾಯಿಯ ನಾಲಿಗೆಯಲ್ಲಿ ರುಚಿ ಗ್ರಂಥಿಗಳು 1,700ರಷ್ಟು, ನಮ್ಮ ಐದರಲ್ಲೊಂದು ಪಾಲು. ಅದು ಊಟವನ್ನು ಒಪ್ಪುವುದು ಬಿಡುವುದು ಮೂಗಿನಿಂದ. ಡ್ರೈ ಫುಡ್ಡಿನ ಮೇಲೆ ಲೇಪಿಸಿರುವ ಕೊಬ್ಬು ಗಾಳಿಗೆ ಕಮಟುತ್ತದೆ. ದೊಡ್ಡ ಚೀಲ ಅಗ್ಗ ಎಂದು ಐದು ಕೆಜಿ ನಾಯಿಗೆ ಹತ್ತು ಕೆಜಿ ತಂದರೆ ದಿನಕ್ಕೆ 83 ಗ್ರಾಂನಂತೆ ಅದು ಮುಗಿಯಲು ನಾಲ್ಕು ತಿಂಗಳು ಬೇಕು. ಬಿಚ್ಚಿದ ಚೀಲ ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳಲ್ಲಿ ಮುಗಿಯಬೇಕು. ಮಳೆಗಾಲದಲ್ಲಿ ಇನ್ನೂ ಬೇಗ. ಹಳೆಯ ಕಡಲೆಕಾಯಿ ಎಣ್ಣೆಯ ವಾಸನೆ ಬಂದರೆ ಎಸೆಯಿರಿ. ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿಗೆ ತೂಗಿ ಕೊಡುವ ಲೂಸ್ ಡಾಗ್ ಫುಡ್ ಯಾವಾಗ ಬಿಚ್ಚಿದ್ದು ಎಂದು ತಿಳಿಯುವ ದಾರಿಯೇ ಇಲ್ಲ, ಅದನ್ನು ಕೊಳ್ಳಬೇಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಚಿಕನ್ನಿಗೆ ವಾಸನೆಯೇ ಏಳುವುದಿಲ್ಲ. ನಿಮ್ಮ ಮಣಿಕಟ್ಟಿಗೆ ಬೆಚ್ಚಗೆ ಎನಿಸುವಷ್ಟು ಕಾಯಿಸಿ. ಡ್ರೈ ಫುಡ್ಡಿಗೆ ಎರಡು ಚಮಚ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟರೂ ಸಾಕು.

ಬಟ್ಟಲು ಟೈಲ್ಸ್ ಮೇಲೆ ಜಾರುತ್ತಿದೆಯೇ, ಕೊರಳಿನ ಬಿಲ್ಲೆ ಸ್ಟೀಲಿಗೆ ತಾಗಿ ಠಣ್ ಎನ್ನುತ್ತಿದೆಯೇ, ಕುಕ್ಕರ್ ವಿಸಿಲ್ ಹೊಡೆಯುವ ಜಾಗದಲ್ಲಿ ಇಟ್ಟಿದ್ದೀರಾ ನೋಡಿ. ಅಂಜುಬುರುಕ ನಾಯಿಗೆ ಇಷ್ಟು ಸಾಕು. ಶಿಹ್ ತ್ಸು, ಪಗ್‌ಗಳಂಥ ಚಪ್ಪಟೆ ಮೂತಿಯವಕ್ಕೆ ಆಳದ ಬಟ್ಟಲಿನ ತಳ ಸಿಗುವುದಿಲ್ಲ, ಅಗಲವಾದ ತಟ್ಟೆಯಲ್ಲಿ ಹಾಕಿ.

ಬಾಯಿ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ತುಟಿಯನ್ನು ಮೇಲಕ್ಕೆತ್ತಿ ಹಿಂದಿನ ದವಡೆ ಹಲ್ಲಿನ ತನಕ ನೋಡಿ. ನಾಲ್ಕರಿಂದ ಏಳು ತಿಂಗಳ ಮರಿಗೆ 28 ಹಾಲುಹಲ್ಲು ಬಿದ್ದು 42 ಹಲ್ಲು ಬರುವ ಕಾಲ, ಒಸಡು ನೋಯುತ್ತದೆ, ನೆನೆಸಿ ಕೊಟ್ಟರೆ ತಿನ್ನುತ್ತದೆ. ಪುಟ್ಟ ಜಾತಿಗಳಲ್ಲಿ ಹಾಲಿನ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ಜೋಡಿಯಾಗಿ ನಿಲ್ಲುವುದು ಸಾಮಾನ್ಯ. ನಡುವೆ ಕೂಳು ಸಿಕ್ಕಿ ಕೊಳೆಯುತ್ತದೆ, ತೆಗೆಸಬೇಕಾಗುತ್ತದೆ. ನಾಲ್ಕೈದು ವರ್ಷ ದಾಟಿದ ನಾಯಿಯ ಬಾಯಿ ನಾರುತ್ತಿದ್ದರೆ, ಹಲ್ಲಿಗೆ ಕಂದು ಗಾರೆ ಕಟ್ಟಿದ್ದರೆ, ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದರೆ, ಕಾಳು ಬಾಯಿಗೆ ತೆಗೆದುಕೊಂಡು ಮತ್ತೆ ಉದುರಿಸುತ್ತಿದ್ದರೆ ದೋಷ ಅಲ್ಲಿಯೇ ಇದೆ.

ಕೆಲವು ದೋಷ ಕಾಲದ್ದು. ಏಪ್ರಿಲ್-ಮೇ ಸೆಕೆಯಲ್ಲಿ ದಟ್ಟ ಕೂದಲಿನ ನಾಯಿ ಹಗಲು ಕಡಿಮೆ ತಿನ್ನುವುದು ಸಹಜ, ಬೆಳಿಗ್ಗೆ ಆರಕ್ಕೆ ಮತ್ತು ಕತ್ತಲಾದ ಮೇಲೆ ಇಡಿ. ದೀಪಾವಳಿಯ ಪಟಾಕಿಗೆ ಮೂರು ದಿನ ಮಂಚದ ಕೆಳಗಿರುವ ನಾಯಿಗೆ ಸದ್ದು ನಿಂತ ಮೇಲೆ ಅಲ್ಲೇ ಕೊಂಡೊಯ್ದು ಕೊಡಿ, ಶಿಸ್ತಿನ ಮಾತು ಆಗ ಬೇಡ. ಬೀದಿಯಲ್ಲಿ ಯಾವುದೋ ಹೆಣ್ಣು ನಾಯಿ ಬೆದೆಗೆ ಬಂದರೆ ಮನೆಯೊಳಗಿನ ಗಂಡು ನಾಯಿಗೆ ವಾರ ಊಟ ರುಚಿಸದೆ ಹೋಗಬಹುದು. ಮಗಳು ಹಾಸ್ಟೆಲಿಗೆ ಹೋದ ವಾರ ಊಟ ಬಿಟ್ಟ ನಾಯಿಗಳೂ ಇವೆ. ಜಂತುಹುಳುವಿನ ಔಷಧಿ ಕೊನೆಯ ಸಲ ಯಾವಾಗ ಹಾಕಿದ್ದು, ಅದನ್ನೂ ಚೀಟಿ ತೆಗೆದು ನೋಡಿ.

ಮನೆ ಊಟ ಕೊಡುವವರಿಗೆ

ನಮ್ಮ ಕಡೆ ನಾಯಿಗೆ ಮೊಸರನ್ನ, ಹಾಲನ್ನ, ರಾಗಿ ಅಂಬಲಿ ಹಾಕಿಯೇ ಬೆಳೆಸಿದವರು ಬಹಳ. ಮನೆ ಊಟವೇ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಬರೀ ಮೊಸರನ್ನದಲ್ಲಿ ನಾಯಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ, ಹಲವು ಖನಿಜ, ವಿಟಮಿನ್ ಇಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ ಎಂಬುದು ನಿಜ, ಅಷ್ಟರಿಂದಲೇ ಊಟ ಪೂರ್ಣವಾಗುವುದಿಲ್ಲ. ಮಾಂಸ ಬೇಯಿಸದ ಮನೆಯಾದರೆ ಡಾಕ್ಟರ ಹತ್ತಿರ ಕೂತು, ಮೊಟ್ಟೆ ಆಗುತ್ತದೆಯೇ, ಪನೀರ್ ಎಷ್ಟು, ಮೇಲೆ ಯಾವ ಪುಡಿ ಬೆರೆಸಬೇಕು ಎಂದು ಬರೆಸಿಕೊಳ್ಳಿ.

ರುಚಿಗೆಂದು ಸಾರು, ಸಾಂಬಾರಿನ ತಿಳಿ ಹಾಕುವ ಅಭ್ಯಾಸ ಮಾತ್ರ ಇವತ್ತೇ ನಿಲ್ಲಿಸಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಪಾಯಸ, ಕೇಸರಿಬಾತಿನ ದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ. ತಿನ್ನದ ನಾಯಿಗೆ ಏನಾದರೂ ಬೆರೆಸಲೇಬೇಕು ಎಂದರೆ ಉಪ್ಪು-ಮಸಾಲೆ ಇಲ್ಲದೆ ಬೇಯಿಸಿದ ಚಿಕನ್ನಿನ ನೀರು ಎರಡು ಚಮಚ, ಇಲ್ಲವೇ ಬೇಯಿಸಿದ ಸಿಹಿಗುಂಬಳ ಒಂದು ಚಮಚ.

ಕೊನೆಗೂ ಆಹಾರವನ್ನೇ ಬದಲಾಯಿಸಬೇಕೆಂದು ತೀರ್ಮಾನವಾದರೆ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ಹಳೆಯದರಲ್ಲಿ ಹೊಸದು ಕಾಲು ಪಾಲು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ರಾತ್ರಿ ಬೆಳಗಾಗುವುದರಲ್ಲಿ ಬದಲಿಸಿದರೆ ಭೇದಿಯಾಗುತ್ತದೆ, ಭೇದಿಯಾದ ನಾಯಿ ಮತ್ತೆ ಊಟ ಬಿಡುತ್ತದೆ, ಯಾವುದರಿಂದ ಏನಾಯಿತು ಎಂಬ ಎಳೆಯೇ ತಪ್ಪಿಹೋಗುತ್ತದೆ.

ಎರಡನೇ ಸಲ

ಎರಡು ವರ್ಷ ಡಬ್ಬಿಯ ಪದ್ಧತಿ ಚೆನ್ನಾಗಿ ನಡೆಯಿತು. ದಸರಾ ಕಳೆದು, ಮಳೆ ಹಿಡಿದು ಬಿಟ್ಟು ಮಾಡುತ್ತಿದ್ದ ಒಂದು ಬೆಳಿಗ್ಗೆ ಚುಕ್ಕಿ ಬಟ್ಟಲ ಹತ್ತಿರ ಬರಲಿಲ್ಲ. ನಾನು ಹಳೆಯ ಪಾಠ ನೆನೆದು 20 ನಿಮಿಷಕ್ಕೆ ಎತ್ತಿಟ್ಟೆ. ಮಾವನವರು ಕಾಫಿ ಲೋಟ ಹಿಡಿದು ಕೂತು, ಅಭ್ಯಾಸದಂತೆ ಅರ್ಧ ಬಿಸ್ಕತ್ತು ಚಾಚಿದರು. ಅವಳು ಅದನ್ನು ನೋಡಿ ತಲೆಯನ್ನು ಮತ್ತೆ ಮುಂಗಾಲ ಮೇಲಿಟ್ಟಳು. ‘ಇವಳು ಬಿಸ್ಕತ್ತೂ ಬೇಡ ಅಂತಿದಾಳಮ್ಮ’ ಎಂದು ಮಾವ ಕೂಗಿದ ಧ್ವನಿಗೆ ನಾನು ಒಲೆ ಆರಿಸಿ ಬಂದೆ.

ಥರ್ಮಾಮೀಟರ್ 104.2 ತೋರಿಸಿತು. ತುಟಿ ಎತ್ತಿದರೆ ಗುಲಾಬಿಯಿರಬೇಕಾದ ಒಸಡು ತೊಳೆದ ಬಟ್ಟೆಯ ಬಣ್ಣಕ್ಕಿತ್ತು. ಬೆರಳಿನಲ್ಲಿ ಮೈಯೆಲ್ಲ ತಡವಿದಾಗ ಎಡ ಮುಂಗಾಲಿನ ಬೆರಳ ಸಂದಿಯಲ್ಲಿ ಒಂದು ಉಣ್ಣೆ ಸಿಕ್ಕಿತು, ರಕ್ತ ಕುಡಿದು ಹರಳುಬೀಜದಂತೆ ಊದಿತ್ತು. ಕಿವಿಯ ಮಡಿಕೆಯಲ್ಲಿ ಇನ್ನೂ ಎರಡು. ಒಂದು ಗಂಟೆಯಲ್ಲಿ ಡಾಕ್ಟರ ಮುಂದಿದ್ದೆವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಬಹಳ ಇಳಿದಿತ್ತು, ಎರ್ಲಿಕಿಯಾ ಪಾಸಿಟಿವ್ ಬಂತು. ಟಿಕ್ ಫೀವರ್ ಎಂದು ನಾವೆಲ್ಲ ಕರೆಯುವುದರಲ್ಲಿ ಇದೊಂದು ಬಗೆ, ಬೇಬೀಸಿಯಾ ಇನ್ನೊಂದು. ಎರಡನ್ನೂ ಹರಡುವುದು ಉಣ್ಣೆ, ಔಷಧಿ ಮಾತ್ರ ಬೇರೆ ಬೇರೆ. ಅದಕ್ಕೇ ಅಂಗಡಿಯಲ್ಲಿ ಕೇಳಿ ಮಾತ್ರೆ ತಂದು ಹಾಕುವುದು ಸಲ್ಲದು. ಈ ಊರುಗಳಲ್ಲಿ ನಾಯಿ ಇದ್ದಕ್ಕಿದ್ದಂತೆ ಊಟ ಬಿಟ್ಟು ಮಂಕಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ, ಮೈಮೇಲೆ ಉಣ್ಣೆ ಕಾಣದಿದ್ದರೂ. ಕಚ್ಚಿದ ಉಣ್ಣೆ ಉದುರಿಹೋಗಿ ವಾರಗಳಾದ ಮೇಲೂ ಜ್ವರ ಬರಬಹುದು.

28 ದಿನ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಆ ಮಾತ್ರೆ ಖಾಲಿ ಹೊಟ್ಟೆಗೆ ಓಕರಿಕೆ ತರುತ್ತದೆ, ಊಟದ ಜೊತೆಗೇ ಕೊಡಬೇಕು. ತಿನ್ನದ ನಾಯಿಗೆ ಊಟದ ಜೊತೆ ಕೊಡುವುದು ಹೇಗೆ? ಓಕರಿಕೆ ನಿಲ್ಲಲು ಡಾಕ್ಟರು ಇಂಜೆಕ್ಷನ್ ಕೊಟ್ಟರು, ಅದಾದ ಮೇಲೆ ನಾನು 20 ನಿಮಿಷದ ನಿಯಮವನ್ನು ಪೂರ್ತಿ ಬದಿಗಿಟ್ಟೆ. ಹುಷಾರಿಲ್ಲದ ನಾಯಿಗೆ ಆ ನಿಯಮ ಕ್ರೌರ್ಯ. ಉಪ್ಪಿಲ್ಲದ ಚಿಕನ್ನನ್ನು ಎಳೆ ಎಳೆಯಾಗಿ ಬಿಡಿಸಿ, ಬೆಚ್ಚಗೆ ಮಾಡಿ, ಎರಡೆರಡು ಗಂಟೆಗೆ ಒಂದೊಂದು ಚಮಚ. ಮೂರು ದಿನ ಅತ್ತೆಯೇ ನೆಲದ ಮೇಲೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಮಲಗಿಸಿಕೊಂಡು ಕೈಯಿಂದ ತಿನ್ನಿಸಿದರು. ಬೇಡ ಎಂದರೆ ಬಾಯಿ ಬಿಡಿಸಿ ತುರುಕಲಿಲ್ಲ, ಹಾಗೆ ಮಾಡಿದರೆ ಊಟ ಶ್ವಾಸನಾಳಕ್ಕೆ ಹೋಗಬಹುದು, ಆ ಊಟದ ಮೇಲೆಯೇ ನಾಯಿಗೆ ಹೇವರಿಕೆ ಹುಟ್ಟಬಹುದು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತಿದ್ದರು.

ನಾಲ್ಕನೇ ದಿನ ಸಂಜೆ ಜ್ವರ 101.8ಕ್ಕೆ ಇಳಿದಿತ್ತು. ನಾನು ಮಾತ್ರೆ ಅಡಗಿಸಲು ಡಬ್ಬಿಯ ಮುಚ್ಚಳ ತೆಗೆದೆ. ವರಾಂಡದಲ್ಲಿ ಟೈಲ್ಸ್ ಮೇಲೆ ಉಗುರಿನ ಸದ್ದು ಕೇಳಿಸಿತು, ಮೊದಲಿನ ಹಾಗೆ ಓಟವಲ್ಲ, ನಿಧಾನದ ನಡಿಗೆ. ಬಾಗಿಲಲ್ಲಿ ನಿಂತು ಬಾಲ ಒಂದು ಸಲ ಆಡಿಸಿದಳು. ಅತ್ತೆ ಅಂಗೈಯಲ್ಲಿ ಎಂಟು ಕಾಳು ಹಿಡಿದರು. ಎಂಟನ್ನೂ ತಿಂದು, ಅಂಗೈ ನೆಕ್ಕಿ, ಬಟ್ಟಲಿಡುವ ಜಾಗಕ್ಕೆ ಹೋಗಿ ಕೂತಳು.

ಉಣ್ಣೆಗೆ ತಿಂಗಳ ಔಷಧಿ ಹಾಕುವ ತಾರೀಖನ್ನು ಈಗ ಅದೇ ನೋಟ್‌ಬುಕ್ಕಿನಲ್ಲಿ ಮಾವನವರು ಕೆಂಪು ಪೆನ್ನಿನಲ್ಲಿ ಬರೆಯುತ್ತಾರೆ. ಹೊರಗೆ ಸುತ್ತಾಡಿ ಬಂದ ಮೇಲೆ ಬೆರಳ ಸಂದಿ, ಕಿವಿ, ಕಂಕುಳು, ಬಾಲದ ಬುಡ, ಕೊರಳಪಟ್ಟಿಯ ಕೆಳಗೆ ತಡವಿ ನೋಡುವುದು ಮಗನ ಕೆಲಸ.